ಹಕ್ಕಲಾಯುವ ಹೆಂಗಸರು: ಮಿಲೆಯ ಒಂದು ಚಿತ್ರವನ್ನು ಕುರಿತು

ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನ ಗ್ರಾಮಜೀವನವನ್ನು ಕುರಿತು ಪಾಠ ಹೇಳುವಾಗ ಝಾನ್ ಫ್ರಾನ್ಸ್ವಾ ಮಿಲೆಯ 'ಹಕ್ಕಲಾಯುವವರು' ಎಂಬ ಚಿತ್ರವನ್ನು ವಿದ್ಯಾರ್ಥಿಗಳ ಮುಂದಿಟ್ಟು, 'ದುಡಿಮೆಯ ಘನತೆ' ಎಂದೊಂದು ಮಾತಾಡಿ ಮುಂದೆ ಸಾಗುವುದುಂಟು. ಈ ಮಾತು ಆ ಚಿತ್ರಕ್ಕೆ ಸಲ್ಲದೆಂದು ನಮ್ಮ ಅಭಿಪ್ರಾಯ. ಅಲ್ಲಿ ಕೂಲಿಗೆ ದುಡಿಯುತ್ತಿರುವವರು ಬೇರೆ. ಮುಂಭಾಗದ ಮೂವರು ಹೆಂಗಸರು ಕೊಯ್ಲುಗಾರರ ಕೈತಪ್ಪಿ ಬಿದ್ದ ತೆನೆಗಳನ್ನು ಆಯ್ದುಕೊಳ್ಳಲು ಬಂದವರು; ಅವರಿಗೆ ಕೂಲಿಯಿಲ್ಲ. ಹಕ್ಕಲು ಎಂಬ ಹಳೆಯ, ಖಚಿತವಾದ ಮಾತು ನಮ್ಮಲ್ಲಿರಲು ಇವರನ್ನು 'ಕೃಷಿಕಾರ್ಮಿಕರು' ಎಂದೇಕೆ ಕರೆಯಬೇಕೋ ತಿಳಿಯದು.

ಚಿತ್ರ 1857ರ ಪ್ಯಾರಿಸ್ ಸಲೋನಿನಲ್ಲಿ ಪ್ರದರ್ಶಿತವಾಯಿತು. ಅಗಲ ಸುಮಾರು 110 ಸೆಂಟಿಮೀಟರು, ಎತ್ತರ ಸುಮಾರು 84. ಹಿನ್ನೆಲೆಯಲ್ಲಿ ದೊಡ್ಡ ದೊಡ್ಡ ಬಣವೆಗಳು, ಸಿವುಡು ಹೇರಿದ ಬಂಡಿ, ಕೊಯ್ಲುಗಾರರ ಗುಂಪು. ಎಲ್ಲವೂ ಹೊಂಬೆಳಕಿನಲ್ಲಿ ಮುಳುಗಿವೆ. ಬಲಗಡೆ, ಮನೆಗಳ ಹತ್ತಿರ, ಕುದುರೆಯ ಮೇಲೆ ಕುಳಿತ ಮೇಲ್ವಿಚಾರಕನೊಬ್ಬನಿದ್ದಾನೆ. ಎಷ್ಟು ಚಿಕ್ಕವನೆಂದರೆ ಹುಡುಕಿಯೇ ಕಾಣಬೇಕು. ಮುಂದೆ ಬರಿಯ ಕೂಳೆನೆಲ. ನೀಲಿ ತಲೆವಸ್ತ್ರದವಳೂ ಕೆಂಪು ತಲೆವಸ್ತ್ರದವಳೂ ಪೂರ್ತಿಯಾಗಿ ಬಾಗಿದ್ದಾರೆ. ಅವರ ಬೆನ್ನುಗಳು ದಿಗಂತರೇಖೆಯನ್ನು ಮೀರುವುದಿಲ್ಲ. ಮೂರನೆಯವಳು ಅರೆಬಾಗಿದ್ದಾಳೆ. ಹಿಂದಿನ ಸಮೃದ್ಧಿಗೂ ಈ ಮೂವರಿಗೂ ನಡುವೆ ಇರುವುದು ಏನೂ ಇಲ್ಲದ ನೆಲವೊಂದೇ.

ಈ ಬರಿದಾದ ನೆಲವೇ ಚಿತ್ರದ ಮುಖ್ಯ ವಸ್ತುವೆಂದು ನಾವು ತಿಳಿಯುತ್ತೇವೆ. 1554ರಲ್ಲಿ ಎರಡನೆಯ ಆನ್ರಿಯ ಶಾಸನವು ಮುದುಕರು, ಅಂಗದುರ್ಬಲರು, ಚಿಕ್ಕಮಕ್ಕಳು ಮೊದಲಾದ, ಕೊಯ್ಲಿನ ಕೆಲಸಕ್ಕೆ ಶಕ್ತಿಯಿಲ್ಲದವರಿಗೆ ಹಕ್ಕಲಾಯಲು ಅವಕಾಶವಿತ್ತಿತ್ತು. 1810ರ ದಂಡಸಂಹಿತೆಯು, ಬೆಳೆ ಪೂರ್ತಿಯಾಗಿ ತೆರವಾಗದ ಹೊಲದಲ್ಲಾಗಲಿ, ಸೂರ್ಯೋದಯಕ್ಕೆ ಮುಂಚೆ ಅಥವಾ ಸೂರ್ಯಾಸ್ತದ ಮೇಲಾಗಲಿ ಆಯುವುದನ್ನು ದಂಡಾರ್ಹವೆಂದು ವಿಧಿಸಿತು. ಈ ನಿಬಂಧನೆಗಳನ್ನು ತಿಳಿದು ನೋಡಿದರೆ ಚಿತ್ರ ಬೇರೆಯಾಗಿ ಕಾಣುತ್ತದೆ. ಹೆಂಗಸರ ಸುತ್ತ ಒಂದು ಸಿವುಡೂ ಉಳಿದಿಲ್ಲ, ಇನ್ನೂ ಬೆಳಕಿದೆ. ಅವರು ಕಾನೂನನ್ನು ಎಳ್ಳಷ್ಟೂ ಮೀರಿಲ್ಲ. ಆದುದರಿಂದಲೇ ಅವರಿಗೆ ದೊರೆತದ್ದು ಇಷ್ಟೇ.

ಹೀಗಿದ್ದರೂ ಪ್ಯಾರಿಸಿನ ವಿಮರ್ಶಕರು ಬೆಚ್ಚಿದರು. 'ಫಿಗಾರೋ' ಪತ್ರಿಕೆಯ ವಿಮರ್ಶಕನಿಗೆ ಈ ಮೂವರ ಹಿಂದೆ ದಂಗೆಯ ಈಟಿಗಳೂ 1793ರ ವಧಾವೇದಿಕೆಗಳೂ ಕಂಡುವು! 1848ರ ಕ್ರಾಂತಿಯಾಗಿ ಒಂಬತ್ತೇ ವರ್ಷವಾಗಿತ್ತೆಂಬುದನ್ನು ನೆನೆದರೆ ಈ ಭೀತಿ ಅರ್ಥವಾಗುತ್ತದೆ. ಆದರೆ ಅದಕ್ಕೆ ಆಧಾರ ಹೆಂಗಸರ ಭಂಗಿಯಲ್ಲಿಲ್ಲ, ಹಿನ್ನೆಲೆ ಮುನ್ನೆಲೆಗಳ ಅಂತರದಲ್ಲಿದೆ. ಮಿಲೆ ಸ್ವತಃ ನಾರ್ಮಂಡಿಯ ರೈತನ ಮಗ, ದಂಗೆಕೋರನಲ್ಲ.

ಅವನೇ 1853ರಲ್ಲಿ ಪ್ರದರ್ಶಿಸಿದ 'ಕೊಯ್ಲುಗಾರರ ವಿಶ್ರಾಂತಿ'ಯನ್ನು ಇಲ್ಲಿ ನೆನೆಯಬೇಕು. ಅದರ ಮೂಲ ಬೈಬಲಿನ ರೂತಳ ಕಥೆ. ಅಲ್ಲಿ ಹೊಲದೊಡೆಯನಾದ ಬೋವಜನು ಹಕ್ಕಲಾಯಲು ಬಂದ ರೂತಳನ್ನು ತಾನೇ ಕರೆತಂದು ಊಟಕ್ಕೆ ಕುಳಿತವರ ಬಳಿ ನಿಲ್ಲಿಸುತ್ತಾನೆ. ನಾಲ್ಕು ವರ್ಷಗಳ ಮೇಲೆ ಬರೆದ ಚಿತ್ರದಲ್ಲಿ ಬೋವಜನಿಲ್ಲ. ಅವನ ಸ್ಥಾನದಲ್ಲಿ ಆ ಕುದುರೆಯವನಿದ್ದಾನೆ, ಅವನು ಹತ್ತಿರ ಬರುವುದಿಲ್ಲ.

ಮಿಲೆಯ ಹೆಂಗಸರಿಗೆ ಮುಖವಿಲ್ಲ, ಅವರು ವ್ಯಕ್ತಿಗಳಾಗುವುದಿಲ್ಲ ಎಂಬ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಮೂರು ಮುಖಗಳೂ ನೆರಳಿನಲ್ಲಿವೆ. ಆದರೆ ಮುಖ ತೋರಿಸಿದ ಚಿತ್ರವೂ ನಮ್ಮ ಮುಂದಿದೆ: ಝೂಲ್ ಬ್ರೆತೋನನು 1859ರಲ್ಲಿ ಪ್ರದರ್ಶಿಸಿದ 'ಹಕ್ಕಲಾಯುವವರ ಕರೆ'. ಅದರಲ್ಲಿ ಸಂಜೆಯಾಗಿದೆ, ಹೊಲಗಾವಲಿನವನು ಕೂಗಿ ಕರೆಯುತ್ತಿದ್ದಾನೆ. ಹೆಂಗಸರು ಬರಿಗಾಲಿನಲ್ಲಿ, ಆದರೆ ದೇವತೆಗಳಂತೆ ನೆಟ್ಟಗೆ, ತೆನೆಯ ಹೊರೆ ಹೊತ್ತು ಬರುತ್ತಿದ್ದಾರೆ. ಕಾನೂನು ಅದೇ, ಬಡತನವೂ ಅದೇ. ಆ ಚಿತ್ರವನ್ನು ಮೂರನೆಯ ನೆಪೋಲಿಯನ್ನನ ಅರಮನೆ ಕೊಂಡಿತು. ಎರಡೂ ಈಗ ಪ್ಯಾರಿಸಿನ ಓರ್ಸೆ ವಸ್ತುಸಂಗ್ರಹಾಲಯದಲ್ಲಿವೆ; ತರಗತಿಯಲ್ಲಿ ಒಂದನ್ನು ತೋರಿಸುವವರು ಇನ್ನೊಂದನ್ನೂ ಪಕ್ಕದಲ್ಲಿಟ್ಟು, ಯಾವುದನ್ನು ಅರಮನೆ ಕೊಂಡಿರಬಹುದೆಂದು ವಿದ್ಯಾರ್ಥಿಗಳನ್ನೇ ಕೇಳುವುದು ಲೇಸು.