ಖಾನಾಪುರದ ದಾರಿಯಲ್ಲಿ ಬೆಳಗಾವಿಯ ಭಾನುವಾರ

ಜುಲೈ ತಿಂಗಳ ಭಾನುವಾರ ಬೆಳಿಗ್ಗೆ ಬೆಳಗಾವಿಯ ಮೂರನೇ ರೈಲ್ವೆ ಗೇಟ್ ದಾಟಿದರೆ ಊರಿಗೆ ಊರೇ ಗುಳೆ ಹೊರಟಂತೆ ಕಾಣುತ್ತದೆ. ರೇನ್‌ಕೋಟ್ ತೊಟ್ಟ ಹುಡುಗರ ಬೈಕುಗಳು, ಹಿಂದಿನ ಸೀಟಿನಲ್ಲಿ ಅಜ್ಜಿ ಮೊಮ್ಮಕ್ಕಳು ಒತ್ತೊತ್ತಾಗಿ ಕೂತ ಕಾರುಗಳು, ಕಾಲೇಜಿನವರು ಬಾಡಿಗೆಗೆ ಹಿಡಿದ ಟೆಂಪೊಗಳು. ಪೀರನವಾಡಿಯಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಖಾನಾಪುರ, ಲೋಂಡಾಗಳ ಕಡೆಗೆ. ಇನ್ನೊಂದು ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟಿನ ಕಡೆಗೆ. ಯಾವ ಕವಲು ಹಿಡಿದರೂ ಹೊಕ್ಕುವುದು ಖಾನಾಪುರ ತಾಲ್ಲೂಕನ್ನೇ.

ಸಂಜೆ ಮರಳಿದವರನ್ನು ಪಕ್ಕದ ಮನೆಯವರು ಕೇಳುತ್ತಾರೆ: “ಹೆಂಗಾತ್ರಿ ಟ್ರಿಪ್?” ಉತ್ತರ ಒಂದೇ: “ಮಸ್ತ್ ಆತ್ರಿ.” ಅಲ್ಲಿಗೆ ಮಾತು ಮುಗಿಯಿತು. ನೂರೈವತ್ತು ರೂಪಾಯಿ ಟಿಕೆಟ್ಟಿನ ಸಿನಿಮಾ ನೋಡಿ ಬಂದವರು ಮೊದಲಾರ್ಧ ಎಳೆದಿದ್ದಾರೆ, ಕ್ಲೈಮ್ಯಾಕ್ಸ್ ಸರಿಯಿಲ್ಲ ಎಂದು ಅರ್ಧ ತಾಸು ಚರ್ಚಿಸುತ್ತಾರೆ. ಪೆಟ್ರೋಲು, ಟೋಲು, ಊಟ, ವಾರಕ್ಕೊಂದೇ ರಜೆ ಎಲ್ಲವನ್ನೂ ಸುರಿದು ಮಾಡಿದ ಪ್ರವಾಸಕ್ಕೆ ಮಾತ್ರ ವಿಮರ್ಶೆಯಿಲ್ಲ. ಇದ್ದಿದ್ದರೆ ಕೆಲವು ಪ್ರಶ್ನೆಗಳು ತಾವಾಗಿ ಏಳುತ್ತಿದ್ದವು. ಮನೆಯ ಎಷ್ಟು ಮಂದಿ ಆ ಜಾಗಕ್ಕೆ ಹೋಗಬಲ್ಲವರಾಗಿದ್ದರು? ಹೋದವರು ಎಷ್ಟು ಹೊತ್ತು ಒಟ್ಟಿಗೆ ಕೂತರು? ಅವರು ಹಿಂತಿರುಗಿದ ಮೇಲೆ ಆ ಊರಿನಲ್ಲಿ ಉಳಿದದ್ದೇನು?

ಬೆಳಗಾವಿಗೂ ಖಾನಾಪುರಕ್ಕೂ ನಡುವೆ 26 ಕಿಲೋಮೀಟರ್. ಇಷ್ಟರಲ್ಲೇ ಬಯಲು ಮುಗಿದು ಸಹ್ಯಾದ್ರಿಯ ಕಾಡು ಶುರುವಾಗುತ್ತದೆ. ಕಣಕುಂಬಿಯ ಮಾವುಲಿ ಗುಡಿಯ ಬಳಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಅದೇ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ಇಳಿದು ಗೋವೆಯಲ್ಲಿ ಮಾಂಡೋವಿಯಾಗುತ್ತಾಳೆ. ಒಂದೇ ತಾಲ್ಲೂಕಿನ ಮಳೆ ಎರಡು ಸಮುದ್ರಗಳಿಗೆ ಹಂಚಿಹೋಗುತ್ತದೆ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿದ ಮಹದಾಯಿ ತಂಟೆಯ ಬೇರು ಇರುವುದೂ ಇಲ್ಲೇ. ಆ ನೀರು ತಿರುಗಿಸುವ ಕಳಸಾ ನಾಲೆಗಾಗಿ ಅಗೆದ ನೆಲ ಕಣಕುಂಬಿಯ ಹತ್ತಿರವೇ ಇದೆ. ಶಾಲಾ ಪುಸ್ತಕದ ಭೂಗೋಳವನ್ನು ಮಕ್ಕಳಿಗೆ ಕಣ್ಣಾರೆ ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ಬೆಳಗಾವಿಯವರಿಗೆ ಬೇರೆ ಸಿಗದು. ಆದರೆ ಚೋರ್ಲಾದ ಮಂಜಿನಲ್ಲಿ ಫೋಟೊ ತೆಗೆಯುವ ಅವಸರದ ಬಹುಪಾಲು ಕಾರುಗಳು ಕಣಕುಂಬಿಯಲ್ಲಿ ವೇಗ ತಗ್ಗಿಸುವುದೂ ಇಲ್ಲ.

ಈ ಭಾಗದ ಹಳೆಯ ವಿಹಾರದ ಕಾಲ ಮಳೆಗಾಲವಲ್ಲ, ಸಂಕ್ರಮಣ. ಎಳ್ಳು ಅರೆದು ಮೈಗೆ ಹಚ್ಚಿಕೊಂಡು ಹೊಳೆಯಲ್ಲಿ ಮುಳುಗು ಹಾಕಿ, ದಡದಲ್ಲೇ ಕೂತು ಉಣ್ಣುವ ರೂಢಿ ಉತ್ತರ ಕರ್ನಾಟಕದ ಹೊಳೆಸಾಲಿನ ಊರುಗಳಲ್ಲೆಲ್ಲ ಇದೆ. ಬೆಳಗಾವಿಯವರಿಗೆ ಇದಕ್ಕೆ ಒದಗುವುದು ಮಲಪ್ರಭೆ. ಖಾನಾಪುರದ ಹೊಳೆಘಾಟು, ಊರಾಚೆ ರಾಮಲಿಂಗೇಶ್ವರ ಗುಡಿಯಿರುವ ಅಸೋಗಾ, ಜಾಂಬೋಟಿ ದಾರಿಯ ಹಬ್ಬನಹಟ್ಟಿ. ಹಬ್ಬನಹಟ್ಟಿಯ ಆಂಜನೇಯ ಗುಡಿ ಮಳೆಗಾಲದಲ್ಲಿ ಹೊಳೆಯೊಳಗೆ ಮುಳುಗಿರುತ್ತದೆ. ಜನವರಿಗೆ ನೀರು ಇಳಿದು ಬಂಡೆಗಳು ಎದ್ದು ಕಾಣುವ ಹೊತ್ತಿಗೆ ಅಲ್ಲಿ ಜಮಖಾನೆಗಳು ಹಾಸಿಕೊಳ್ಳುತ್ತವೆ. ಬುತ್ತಿ ಬಿಚ್ಚಿದರೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕರಿಂಡಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಕೊನೆಗೆ ಮೊಸರನ್ನ. ಪಕ್ಕದ ಜಮಖಾನೆಯವರು ಗುರುತಿಲ್ಲದವರಾದರೂ ಒಂದು ಹೋಳಿಗೆ ಆ ಕಡೆ ಹೋಗುತ್ತದೆ, ಒಂದಿಷ್ಟು ಮಾದಲಿ ಈ ಕಡೆ ಬರುತ್ತದೆ.

ಒಟ್ಟಿಗೆ ಕೂಡುವ ಮಾತಿಗೆ ಬಂದರೆ ಈ ವಿಹಾರಕ್ಕೆ ಸಾಟಿಯಿಲ್ಲ. ಮೊಣಕಾಲು ನೋವಿನ ಅಜ್ಜಿಯೂ ಬರುತ್ತಾಳೆ, ಕಂಕುಳ ಕೂಸೂ ಬರುತ್ತದೆ. ನೋಡಲೇಬೇಕಾದ ಸ್ಪಾಟ್ ಒಂದೂ ಇಲ್ಲದ್ದರಿಂದ ಯಾರಿಗೂ ಅವಸರವಿಲ್ಲ. ಮೂರ್ನಾಲ್ಕು ತಾಸು ಕೂತಲ್ಲೇ ಮದುವೆ ಮಾತು, ಹೊಲದ ಮಾತು, ಬೆಂಗಳೂರಿನ ಮಗನ ನೌಕರಿಯ ಮಾತು ಎಲ್ಲವೂ ಆಗಿಹೋಗುತ್ತವೆ.

ಹಾಗೆಂದು ಇದನ್ನು ಹೊಗಳಿ ಬಿಟ್ಟುಬಿಡುವಂತಿಲ್ಲ. ಆ ಬುತ್ತಿಯ ಹಿಂದೆ ನಸುಕಿನ ನಾಲ್ಕಕ್ಕೆ ಒಲೆ ಹಚ್ಚಿದ ಹೆಣ್ಣುಮಕ್ಕಳಿದ್ದಾರೆ. ಗಂಡಸರಿಗೂ ಮಕ್ಕಳಿಗೂ ಅದು ರಜೆ. ಹೆಣ್ಣುಮಕ್ಕಳಿಗೆ ಅಡುಗೆಮನೆ ಹೊಳೆದಂಡೆಗೆ ಬಂದಿದೆ, ಅಷ್ಟೇ. ಬಡಿಸುವವರೂ ಅವರೇ, ಕೊನೆಗೆ ಉಳಿದದ್ದನ್ನು ಉಣ್ಣುವವರೂ ಅವರೇ, ಮನೆಗೆ ಬಂದು ಡಬ್ಬಿ ತಿಕ್ಕುವವರೂ ಅವರೇ. ಎರಡನೆಯ ತಕರಾರು ಹೊಳೆಯದು. ಜನ ಎದ್ದುಹೋದ ಮೇಲೆ ದಡದಲ್ಲಿ ಶಾಂಪೂ ಚೀಟಿಗಳು, ಥರ್ಮಾಕೋಲ್ ತಟ್ಟೆಗಳು, ಸ್ನಾನ ಮಾಡಿ ಬಿಟ್ಟ ಹಳೆಯ ಬಟ್ಟೆಗಳು. ಇದೇ ನೀರು ಕೆಳಗೆ ಸವದತ್ತಿಯ ನವಿಲುತೀರ್ಥ ಅಣೆಕಟ್ಟೆಯಲ್ಲಿ ನಿಂತು ಹುಬ್ಬಳ್ಳಿ-ಧಾರವಾಡದ ನಲ್ಲಿಗಳಿಗೆ ಹೋಗುತ್ತದೆ. ಪುಣ್ಯಸ್ನಾನ ಮಾಡಿದವರ ಬೀಗರೇ ಆ ನೀರು ಕುಡಿಯುವವರು.

ಈಗ ಮಳೆಗಾಲದ ಹುಡುಗರ ಕಡೆ ಬರೋಣ. ಜೂನ್ ಹದಿನೈದು ದಾಟುತ್ತಿದ್ದಂತೆ ಗೆಳೆಯರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹೆಸರುಗಳು ಓಡಾಡುತ್ತವೆ: ವಜ್ರಪೋಹ, ಚೋರ್ಲಾ, ಅಂಬೋಲಿ, ದೂಧ್‌ಸಾಗರ. ಪುಣೆಯಲ್ಲೋ ಬೆಂಗಳೂರಿನಲ್ಲೋ ನೌಕರಿಗೆ ಸೇರಿದ ಹಳೆಯ ಸಹಪಾಠಿಗಳು ಒಂದು ಶನಿವಾರ ರಾತ್ರಿ ಬಸ್ಸು ಹತ್ತಿ ಬರಲು ಈ ಹೆಸರುಗಳೇ ನೆಪ. ಈ ವಿಹಾರದ ಗುಣವನ್ನೂ ಒಪ್ಪಬೇಕು. ಜಾಂಬೋಟಿ ದಾಟಿದ ಮೇಲೆ ಕಾಡಿನಲ್ಲಿ ಹಲವು ಕಡೆ ಫೋನಿಗೆ ಸಿಗ್ನಲ್ ಇರುವುದಿಲ್ಲ. ಒದ್ದೆಯಾಗಿ ನಡುಗುತ್ತ ರಸ್ತೆ ಬದಿಯ ಗೂಡಂಗಡಿಯಲ್ಲಿ ಚಹಾ, ಕಾಂದಾಭಜಿ, ಸುಟ್ಟ ಗೋವಿನಜೋಳದ ತೆನೆಗಾಗಿ ಕಾಯುವಾಗ ಗೆಳೆಯರು ಮಾತಾಡಲೇಬೇಕು. ವರ್ಷಗಳಿಂದ ಬರೀ ಹುಟ್ಟುಹಬ್ಬದ ಸಂದೇಶಕ್ಕೆ ಇಳಿದಿದ್ದ ಸ್ನೇಹಕ್ಕೆ ಅಲ್ಲಿ ಮತ್ತೆ ಜೀವ ಬರುತ್ತದೆ.

ತೊಂದರೆ ಇರುವುದು ಜಲಪಾತದ ಮುಂದೆ. ನಾಲ್ಕು ತಾಸು ಗಾಡಿ ಓಡಿಸಿ ಅಲ್ಲಿ ನಿಲ್ಲುವುದು ಅರ್ಧ ತಾಸು, ಅದರಲ್ಲೂ ಮುಕ್ಕಾಲು ಪಾಲು ಫೋನಿಗೆ ಮೀಸಲು. ಅಜ್ಜಿ, ಅತ್ತೆ, ಮಕ್ಕಳಿಗೆ ಅಲ್ಲಿ ಜಾಗವೇ ಇಲ್ಲ. ಹುಡುಗಿಯರ ಗುಂಪುಗಳೂ ಕಡಿಮೆ. ಅದಕ್ಕೆ ಕಾಡಿನ ಭಯಕ್ಕಿಂತ ಅಲ್ಲಿ ಸೇರುವ ಕುಡುಕರ ಭಯ ಕಾರಣ. ಜೀವಭಯವೂ ಸಣ್ಣದಲ್ಲ. 2022ರ ನವೆಂಬರ್‌ನಲ್ಲಿ, ಮಳೆಗಾಲ ಮುಗಿದ ಮೇಲೆ, ಗಡಿಯಾಚೆಯ ಚಂದಗಡ ತಾಲ್ಲೂಕಿನ ಕಿಟವಾಡ ಜಲಪಾತಕ್ಕೆ ಹೋಗಿದ್ದ ಬೆಳಗಾವಿಯ ನಾಲ್ವರು ಯುವತಿಯರು ನೀರುಪಾಲಾದರು. 2023ರ ಜುಲೈನಲ್ಲಿ ದೂಧ್‌ಸಾಗರ ನೋಡಲು ರೈಲು ಹಳಿಗುಂಟ ನಡೆದ ನೂರಾರು ಯುವಕರಿಗೆ ರೈಲ್ವೆ ಪೊಲೀಸರು ಸಾಲಾಗಿ ಬಸ್ಕಿ ಹೊಡೆಸಿದ ವಿಡಿಯೊ ದೇಶವೆಲ್ಲ ನೋಡಿತು. ಜಲಪಾತವನ್ನು ಬೋಗಿಯ ಕಿಟಕಿಯಿಂದಲೇ ನೋಡಿ ಎಂದು ನೈರುತ್ಯ ರೈಲ್ವೆ ಬೇಡಿಕೊಳ್ಳಬೇಕಾಯಿತು.

ಸರ್ಕಾರದ ಮದ್ದು ಒಂದೇ: ನಿಷೇಧ. ಖಾನಾಪುರದ ಕಾಡಿನ ಜಲಪಾತಗಳಿಗೆ ಮಳೆಗಾಲದಲ್ಲಿ ಹೋಗಬಾರದೆಂದು ಅರಣ್ಯ ಇಲಾಖೆ ಇತ್ತೀಚಿನ ವರ್ಷಗಳಲ್ಲಿ ತಡೆ ಹಾಕುತ್ತಿದೆ. ಜೀವ ಉಳಿಸುವ ದೃಷ್ಟಿಯಿಂದ ಇದನ್ನು ತಪ್ಪೆನ್ನಲಾಗದು. ಆದರೆ ಕಿಟವಾಡದ ದುರಂತ ನಡೆದದ್ದು ತಡೆಯ ತಿಂಗಳುಗಳ ಆಚೆಗೆ ಎಂಬುದನ್ನು ಮರೆಯಬಾರದು. ಒಂದು ಕಡೆ ನಾಕಾ ಹಾಕಿದರೆ ಹುಡುಗರು ಇನ್ನೊಂದು ಹಾದಿ ಹುಡುಕುತ್ತಾರೆ. ಸ್ಥಳೀಯ ಯುವಕರಿಗೆ ಮಾರ್ಗದರ್ಶಿಗಳಾಗಿ ತರಬೇತಿ ಕೊಟ್ಟು, ದಿನಕ್ಕೆ ಇಂತಿಷ್ಟೇ ಜನ ಎಂದು ಶುಲ್ಕ ಪಡೆದು ಬಿಟ್ಟಿದ್ದರೆ ಕಾಡಂಚಿನ ಊರುಗಳಿಗೆ ನಾಲ್ಕು ಕಾಸು ಸಿಗುತ್ತಿತ್ತು, ಪ್ರವಾಸಿಗರಿಗೂ ಲಗಾಮು ಇರುತ್ತಿತ್ತು.

ಆ ಊರುಗಳ ಸ್ಥಿತಿ ನೋಡಿದರೆ ಈ ವಿಹಾರದ ದೊಡ್ಡ ಕೊರತೆ ಅರ್ಥವಾಗುತ್ತದೆ. 2011ರಲ್ಲಿ ಭೀಮಗಡವನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು. ವಿಸ್ತೀರ್ಣ ಸುಮಾರು 190 ಚದರ ಕಿಲೋಮೀಟರ್. ಅಲ್ಲಿನ ಬಾರಾಪೇಡೆ ಗುಹೆಗಳಲ್ಲಿ ರಾಟನ್ ಬಾವಲಿ ಎಂಬ ಅಪರೂಪದ ಜೀವಿಯಿದೆ. ಬಹುಕಾಲ ಜಗತ್ತಿಗೆ ಅದರ ಗುರುತಿದ್ದದ್ದು ಇಲ್ಲಿಂದಲೇ. ಧಾಮದೊಳಗೆ ಗವ್ವಾಳಿ, ಕೊಂಗಳಾ, ಪಾಸ್ತೊಳಿ, ಅಮಗಾಂವ, ತಳೇವಾಡಿಯಂಥ ಪುಟ್ಟ ಊರುಗಳಿವೆ. 2024ರ ಜುಲೈನಲ್ಲಿ, ನಗರದ ಬೈಕುಗಳು ಜಲಪಾತ ಹುಡುಕಿಕೊಂಡು ಬರುವ ಅದೇ ದಿನಗಳಲ್ಲಿ, ಅಮಗಾಂವದ ಅಸ್ವಸ್ಥ ಮಹಿಳೆಯೊಬ್ಬರನ್ನು ಊರಿನವರು ಮಳೆಯಲ್ಲಿ ಹೆಗಲ ಮೇಲೆ ಹೊತ್ತು ಕಿಲೋಮೀಟರುಗಟ್ಟಲೆ ನಡೆದು ರಸ್ತೆ ಮುಟ್ಟಿಸಿದರು. ಆಕೆ ಉಳಿಯಲಿಲ್ಲ. ಮರುವರ್ಷ ತಳೇವಾಡಿಯ ಕುಟುಂಬಗಳಿಗೆ ತಲಾ 15 ಲಕ್ಷ ರೂಪಾಯಿ ಪರಿಹಾರ ಕೊಟ್ಟು ಕಾಡಿನಿಂದ ಹೊರಗೆ ಕರೆತರುವ ಕೆಲಸ ಶುರುವಾಯಿತು. ಈ ಹಾದಿಯಲ್ಲಿ ಹಾದುಹೋಗುವ ಪ್ರವಾಸಿಗರಿಗೆ ಊರಿನ ಹೆಸರೂ ಗೊತ್ತಿರುವುದಿಲ್ಲ. ಬಿಸ್ಲೆರಿ ಬಾಟಲಿಯೂ ಚಿಪ್ಸ್ ಪೊಟ್ಟಣವೂ ಬೆಳಗಾವಿಯಿಂದಲೇ ಬಂದಿರುತ್ತವೆ. ಊರಿಗೆ ಸಿಗುವುದು ಅವುಗಳ ಖಾಲಿ ಸಿಪ್ಪೆ.

ಹಾಗಾದರೆ ಮನೆಮಂದಿಯೆಲ್ಲ ಹೋಗಬಹುದಾದ, ಊರಿಗೂ ಭಾರವಾಗದ ಜಾಗ ಇಲ್ಲವೇ? ಇದೆ, ಖಾಲಿಯೂ ಇದೆ. ಖಾನಾಪುರದಿಂದ ಸ್ವಲ್ಪ ದೂರದ ಹಲಸಿ ಒಂದು ಕಾಲಕ್ಕೆ ಪಲಾಶಿಕಾ ಎಂಬ ಹೆಸರಿನ ಕದಂಬ ರಾಜಧಾನಿ. ಐದನೆಯ ಶತಮಾನದಲ್ಲಿ ಮೃಗೇಶವರ್ಮ ತನ್ನ ತಂದೆಯ ನೆನಪಿಗೆ ಜಿನಾಲಯ ಕಟ್ಟಿಸಿದ ಊರಿದು. ಹನ್ನೆರಡನೆಯ ಶತಮಾನದ ಗೋವೆಯ ಕದಂಬರ ಭೂವರಾಹ ನರಸಿಂಹ ಗುಡಿಯಲ್ಲಿ ಎರಡು ಗರ್ಭಗುಡಿಗಳು ಎದುರುಬದುರು ನಿಂತಿವೆ. ಒಂದರಲ್ಲಿ ನರಸಿಂಹ, ಇನ್ನೊಂದರಲ್ಲಿ ಭೂದೇವಿಯನ್ನೆತ್ತಿದ ಆಳೆತ್ತರದ ವರಾಹ. ಇಂಥ ವಿನ್ಯಾಸ ಎಲ್ಲೆಡೆ ಸಿಗುವಂಥದ್ದಲ್ಲ. ಗುಡಿಯ ಬಾಗಿಲವರೆಗೂ ಗಾಡಿ ಹೋಗುತ್ತದೆ, ಅಂಗಳದಲ್ಲಿ ಕೂತು ದಣಿವಾರಿಸಿಕೊಳ್ಳಬಹುದು. ಹಲಸಿಯ ದಾರಿಯಲ್ಲೇ ನಂದಗಡ. 1831ರ ಜನವರಿ 26ರಂದು ಬ್ರಿಟಿಷರು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು ಇಲ್ಲೇ. ಅವನ ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳಾಗಲೆಂದು ಹರಸಿಕೊಂಡವರು ಇಂದಿಗೂ ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ಖಾನಾಪುರ ಪಟ್ಟಣದಲ್ಲೇ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಕೇಂದ್ರವಿದೆ. ಈ ಮಣ್ಣಿನ ಇಟ್ಟಿಗೆ, ಹಂಚು, ಮಡಕೆಗೆ ಹಿಂದಿನಿಂದಲೂ ಹೆಸರು. ಮಗುವಿಗೆ ತಿಗರಿ ತಿರುಗುವುದನ್ನು ತೋರಿಸಿ ಒಂದು ಮಡಕೆ ಕೊಂಡರೆ ಹಣ ನೇರ ಅದೇ ಊರಿನವರ ಕೈಸೇರುತ್ತದೆ.

ದೂರ ಹೋಗಲಾಗದವರಿಗೆ ನಗರದೊಳಗೆ ಉಳಿದಿರುವುದು ಕೋಟೆ ಕೆರೆ, ಟಿಳಕವಾಡಿಯ ವ್ಯಾಕ್ಸಿನ್ ಡಿಪೊದ ಮರಗಳ ನೆರಳು, ಹೊರವಲಯದ ಯಳ್ಳೂರ ರಾಜಹಂಸಗಡ. ರಾಜಹಂಸಗಡದ ಶಿವಾಜಿ ಪ್ರತಿಮೆಯನ್ನು 2023ರ ಮಾರ್ಚ್‌ನಲ್ಲಿ ಎದುರಾಳಿ ಪಕ್ಷಗಳು ಒಂದೇ ವಾರದಲ್ಲಿ ಎರಡು ಸಲ ಉದ್ಘಾಟಿಸಿದವು. ಗಡ ಹತ್ತುವ ಸಂಜೆಯ ಜನರಿಗೆ ಅದರ ಗೊಡವೆಯಿಲ್ಲ. ಕನ್ನಡದವರೂ ಮರಾಠಿಯವರೂ ಒಂದೇ ಗಾಡಿಯ ಮುಂದೆ ನಿಂತು ಭೇಳ ತಿನ್ನುತ್ತಾರೆ. ಅಗ್ಗದ, ಅಪಾಯವಿಲ್ಲದ, ವಾರಕ್ಕೆರಡು ಸಲ ಮಾಡಬಹುದಾದ ಈ ಸಣ್ಣ ವಿಹಾರವನ್ನು ಯಾರೂ ಟ್ರಿಪ್ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಡಿಯಬೇಕು.

ತೂಗಿ ನೋಡಿದರೆ ಮಳೆಗಾಲದ ಜಲಪಾತ ಯಾತ್ರೆ ಗೆಳೆತನಕ್ಕೆ ಕೊಡುವುದನ್ನು ಕೊಟ್ಟರೂ ಮಿಕ್ಕೆಲ್ಲದರಲ್ಲಿ ಸೋಲುತ್ತದೆ. ಸಂಕ್ರಮಣದ ಹೊಳೆ ಊಟ ಎರಡು ದೋಷ ತಿದ್ದಿಕೊಂಡರೆ ಈ ಸೀಮೆಯ ಅತ್ಯುತ್ತಮ ವಿಹಾರ. ಹಲಸಿಯನ್ನು ಕಡೆಗಣಿಸಿದ್ದಕ್ಕೆ ಬೆಳಗಾವಿಯವರ ಬಳಿ ಸಮರ್ಥನೆಯಿಲ್ಲ. ಹೊಳೆಘಾಟುಗಳಲ್ಲಿ ಹೆಂಗಸರು ಬಟ್ಟೆ ಬದಲಿಸಲು ಮರೆ, ಶುಚಿಯಾದ ಶೌಚಾಲಯ, ಕಸದ ಗಾಡಿ, ಇಷ್ಟನ್ನಾದರೂ ಆಡಳಿತ ಸಂಕ್ರಮಣಕ್ಕೆ ಮುಂಚೆ ಸಜ್ಜು ಮಾಡಲಿ. ಅಸೋಗಾಕ್ಕೆ ಹೊರಡುವ ಮನೆಯವರು ಸ್ಟೀಲ್ ತಾಟುಗಳನ್ನೇ ಒಯ್ಯಲಿ, ರೊಟ್ಟಿಯನ್ನು ಖಾನಾಪುರದ ಪೇಟೆಯಲ್ಲಿ ಕೊಳ್ಳಲಿ, ಬಡಿಸುವ ಕೆಲಸ ಗಂಡಸರು ವಹಿಸಿಕೊಳ್ಳಲಿ. ಊಟ ಮುಗಿಸಿ ಹಲಸಿ ನೋಡಿಕೊಂಡು ಹೊರಟರೂ ಕತ್ತಲಾಗುವ ಮುಂಚೆ ಬೆಳಗಾವಿ ಮುಟ್ಟಬಹುದು.