ಶೇಕಡಾ ಒಂದು: ಯಾವುದರಲ್ಲಿ ಒಂದು?

ನಮ್ಮ ರಾಜ್ಯದ ದ್ವಿತೀಯ ಪಿಯುಸಿ ರಸಾಯನ ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪುಸ್ತಕವೇ ಪಠ್ಯ. ಅದರ ದ್ರಾವಣಗಳ ಅಧ್ಯಾಯ ಸಾರತೆಯನ್ನು ಹೇಳುವ ಏಳು ಬಗೆಗಳನ್ನು ಪರಿಚಯಿಸುತ್ತದೆ: ಮೂರು ಬಗೆಯ ಶೇಕಡಾ, ಪಿಪಿಎಂ, ಮೋಲ್ ಭಿನ್ನರಾಶಿ, ಮೊಲಾರಿಟಿ, ಮೊಲಾಲಿಟಿ. ವ್ಯಾಖ್ಯೆಗಳು ಅಚ್ಚುಕಟ್ಟಾಗಿವೆ. ಉಷ್ಣತೆಯೊಡನೆ ಮೊಲಾರಿಟಿ ಬದಲಾಗುತ್ತದೆ, ಮೊಲಾಲಿಟಿ ಬದಲಾಗದು ಎಂಬುದನ್ನು ಕಾರಣಸಹಿತ ಹೇಳಿರುವುದು ಮೆಚ್ಚತಕ್ಕದ್ದು.

ಆಕ್ಷೇಪ ಇರುವುದು ಉದಾಹರಣೆಗಳ ಬಗ್ಗೆ. ಕಾರಿನ ಎಂಜಿನ್ನಿನ ನೀರು ಹೆಪ್ಪುಗಟ್ಟದಂತೆ ಬೆರೆಸುವ ಎಥಿಲೀನ್ ಗ್ಲೈಕಾಲ್, ಬೆಂಜೀನಿನಲ್ಲಿ ಕರಗಿಸಿದ ಎಥನಾಯಿಕ್ ಆಮ್ಲ – ಇವು ಕೊಡಗಿನ ಮೂರ್ನಾಡಿನಂಥ ಊರಿನ ವಿದ್ಯಾರ್ಥಿ ಕಂಡ ವಸ್ತುಗಳಲ್ಲ. ಆತ ಕಂಡಿರುವುದು ಮಳೆಗಾಲಕ್ಕೆ ಮುಂಚೆ ಕಾಫಿ ತೋಟದಲ್ಲಿ ಬ್ಯಾರಲ್ಲಿನಲ್ಲಿ ಬೆರೆಸುವ ಬೋರ್ಡೋ. ಫ್ರಾನ್ಸಿನ ಮಿಲಾರ್ಡೆ 1885ರಲ್ಲಿ ದ್ರಾಕ್ಷಿಯ ರೋಗಕ್ಕೆಂದು ಪ್ರಕಟಿಸಿದ ಈ ಮದ್ದು ಇಂದು ಕಾಫಿಗೂ ಕಾಳುಮೆಣಸಿಗೂ ಬಳಕೆಯಲ್ಲಿದೆ. ಸಾರತೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ಸಿಗುವುದು ಕಷ್ಟ.

ಶೇಕಡಾ 1ರ ಬೋರ್ಡೋ ಎಂದರೆ 200 ಲೀಟರ್ ಬ್ಯಾರಲ್ಲಿಗೆ 2 ಕಿಲೋ ಮೈಲುತುತ್ತ, 2 ಕಿಲೋ ಸುಣ್ಣ. ಇದು ರಾಶಿ-ಗಾತ್ರ ಶೇಕಡಾ. ಆದರೆ ಯಾವುದರ ರಾಶಿ? ಅಂಗಡಿಯಲ್ಲಿ ಸಿಗುವುದು ಐದು ಅಣು ನೀರನ್ನು ಹೊತ್ತ ನೀಲಿ ಹರಳು, ಅಣುತೂಕ 249.7. ಹರಳಿನ ಲೆಕ್ಕದಲ್ಲಿ ಬ್ಯಾರಲ್ಲಿನಲ್ಲಿ ಇರುವುದು ಸುಮಾರು 8 ಮೋಲ್, ಅಂದರೆ ಲೀಟರಿಗೆ 0.04 ಮೋಲ್. ಸ್ಫಟಿಕ ಜಲವನ್ನು ಮರೆತು 159.6ರಿಂದ ಭಾಗಿಸಿದವನಿಗೆ 0.063 ಬರುತ್ತದೆ; ತಪ್ಪು ಒಂದೂವರೆ ಪಟ್ಟಿಗೂ ಹೆಚ್ಚು. ಇನ್ನು ಶಿಲೀಂಧ್ರವನ್ನು ತಡೆಯುವ ತಾಮ್ರದ ಲೆಕ್ಕ ಹಿಡಿದರೆ ಅದೇ ‘ಶೇಕಡಾ 1’ ಕೇವಲ ಶೇಕಡಾ 0.25 ಆಗುತ್ತದೆ. ಶೇಕಡಾ ಎಂಬ ಪದವನ್ನು ಕಂಡೊಡನೆ ಯಾವ ವಸ್ತುವಿನದು, ಎಷ್ಟರಲ್ಲಿ ಎಂದು ಕೇಳುವ ಅಭ್ಯಾಸವನ್ನು ಈ ಅಧ್ಯಾಯ ಬೆಳೆಸುವುದಿಲ್ಲ. (ಕನ್ನಡದಲ್ಲಿ ನಾವೂ ಕಡಿಮೆಯೇನಲ್ಲ, ‘ಸಾಂದ್ರತೆ’ ಎಂಬ ಒಂದೇ ಪದವನ್ನು ಎರಡು ಅರ್ಥಗಳಿಗೆ ದುಡಿಸುತ್ತೇವೆ.)

ಸುಣ್ಣದ ಲೆಕ್ಕ ಇನ್ನೂ ಸ್ವಾರಸ್ಯಕರ. ಸರಳ ಸಮೀಕರಣದಂತೆ 8 ಮೋಲ್ ಮೈಲುತುತ್ತಕ್ಕೆ 8 ಮೋಲ್ ಅರಳಿಸಿದ ಸುಣ್ಣ, ಅಂದರೆ ಸುಮಾರು 600 ಗ್ರಾಂ ಸಾಕು. ಮತ್ತೆ 2 ಕಿಲೋ ಏಕೆ? ಸುಣ್ಣ ಶುದ್ಧವಲ್ಲ, ಗಾಳಿಗೆ ತೆರೆದಿಟ್ಟದ್ದು ಕಾರ್ಬೊನೇಟ್ ಆಗಿರುತ್ತದೆ, ಕರಗಿದ ತಾಮ್ರ ಉಳಿದರೆ ಎಲೆ ಸುಡುತ್ತದೆ. ಆದ್ದರಿಂದಲೇ ಬೆಳೆಗಾರ ಉಜ್ಜಿದ ಕತ್ತಿಯನ್ನು ಬ್ಯಾರಲ್ಲಿಗೆ ಅದ್ದಿ ನೋಡುತ್ತಾನೆ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ. ಕಬ್ಬಿಣ ತಾಮ್ರವನ್ನು ಸ್ಥಾನಪಲ್ಲಟಗೊಳಿಸುವ ಕ್ರಿಯೆ ಇದೇ ತಾನೆ? ಮಿಶ್ರಣ ಸರಿಯಾದಾಗ ತಾಮ್ರವೆಲ್ಲ ಒತ್ತರಿಸಿ ನೀಲಿ ಗಸಿಯಾಗಿರುತ್ತದೆ. ಆಗ ಅದು ದ್ರಾವಣವೇ ಅಲ್ಲ, ನಿಲಂಬನ. ನಾವು ಕಂಡುಹಿಡಿದ 0.04 ಮೊಲಾರಿಟಿಗೆ ಅರ್ಥವೂ ಇಲ್ಲ. ಸೂತ್ರ ಎಲ್ಲಿ ಅನ್ವಯಿಸುವುದಿಲ್ಲ ಎಂದು ತೋರಿಸುವ ಒಂದು ಲೆಕ್ಕವಾದರೂ ಅಧ್ಯಾಯದಲ್ಲಿ ಬೇಡವೇ?

ಸಂಖ್ಯೆಯನ್ನು ವಸ್ತುವಿನಿಂದ ಬೇರ್ಪಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಪುಸ್ತಕದ ಅಭ್ಯಾಸ ಭಾಗದಲ್ಲೇ ಸಾಕ್ಷಿ ಇದೆ. ಪ್ರಯೋಗಾಲಯದ ಪ್ರಬಲ ನೈಟ್ರಿಕ್ ಆಮ್ಲ ರಾಶಿಯಲ್ಲಿ ಶೇಕಡಾ 68, ಸಾಂದ್ರತೆ ಮಿಲಿಲೀಟರಿಗೆ 1.504 ಗ್ರಾಂ, ಮೊಲಾರಿಟಿ ಎಷ್ಟು? ಉತ್ತರ 16.23. ಲೆಕ್ಕಾಚಾರದಲ್ಲಿ ದೋಷವಿಲ್ಲ, ದತ್ತಾಂಶದಲ್ಲಿದೆ. 1.504 ಎಂಬುದು ಹೆಚ್ಚುಕಡಿಮೆ ನೀರಿಲ್ಲದ ಆಮ್ಲದ ಸಾಂದ್ರತೆ. ಶೇಕಡಾ 68ರದ್ದು ಸುಮಾರು 1.41. ಆಗ ಮೊಲಾರಿಟಿ 15.2ರ ಆಸುಪಾಸಿಗೆ ಇಳಿಯುತ್ತದೆ. ಎಷ್ಟು ಕೊಠಡಿಗಳಲ್ಲಿ ಈ ಲೆಕ್ಕ ಮಾಡಿಸಿ, ಪಕ್ಕದ ಕಪಾಟಿನಲ್ಲಿರುವ ಆಮ್ಲದ ಬಾಟಲಿಯ ಚೀಟಿಯನ್ನು ಓದಿಸಿದ್ದೇವೆ? ಪರೀಕ್ಷೆಯಲ್ಲಿ 16.23ಕ್ಕೆ ಪೂರ್ಣ ಅಂಕ. ಅದನ್ನೇ ನಂಬಿ 1 ಮೊಲಾರ್ ಆಮ್ಲ ತಯಾರಿಸಲು ಹೊರಟವನು ಲೀಟರಿಗೆ 65.8ರ ಬದಲು 61.6 ಮಿಲಿಲೀಟರ್ ಅಳೆಯುತ್ತಾನೆ. ಆಮ್ಲ ಶೇಕಡಾ 6ರಷ್ಟು ದುರ್ಬಲವಾಗಿ, ಬ್ಯೂರೆಟ್ಟಿನ ಮುಂದೆ ನಿಂತು ತನ್ನ ಕೈಯನ್ನೇ ಶಂಕಿಸುತ್ತಾನೆ.