ಜೀವನಚರಿತ್ರೆಯ ನೇರ ದಾರಿ

ನಮ್ಮಲ್ಲಿ ಬರುವ ವಿಜ್ಞಾನಿಗಳ ಜೀವನಚರಿತ್ರೆಗಳಿಗೆ ಬಹುಮಟ್ಟಿಗೆ ಒಂದೇ ಅಚ್ಚು. ಬಾಲಕನು ಅಂಗಳದಲ್ಲಿ ಮಲಗಿ ನಕ್ಷತ್ರ ಎಣಿಸುತ್ತಾನೆ, ಮುಂದೆ ಖಗೋಳವಿಜ್ಞಾನಿಯಾಗುತ್ತಾನೆ. ನಡುವಣ ವರ್ಷಗಳೆಲ್ಲ ಆ ಮೊದಲ ಪುಟಕ್ಕೆ ಬರೆದ ಟೀಕೆಯಂತಿರುತ್ತವೆ. ಇದು ಪುರಾಣದ ವಿಧಾನವೇ ಹೊರತು ಚರಿತ್ರೆಯದಲ್ಲ.

ಈ ಅಚ್ಚಿಗೆ ಒಗ್ಗದ ಒಂದು ಬಾಳನ್ನು ನೋಡೋಣ. ಹಾಲೆಂಡಿನ ಲೈಡನ್ನಿನಲ್ಲಿ ೧೯೫೫ರಲ್ಲಿ ಹುಟ್ಟಿದ ಎವೀನ ವಾನ್ ಡಿಸ್‌ಹೂಕ್ ಅವರು ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಓದಿದ್ದು ರಸಾಯನಶಾಸ್ತ್ರ. ಅದರ ಸೈದ್ಧಾಂತಿಕ ಶಾಖೆಯಲ್ಲಿ ಸಂಶೋಧನೆ ನಡೆಸುವ ಆಸೆಯಿತ್ತು. ಆದರೆ ಆ ವಿಷಯದ ಪ್ರಾಧ್ಯಾಪಕರು ತೀರಿಕೊಂಡಿದ್ದರು. ನಕ್ಷತ್ರಗಳ ನಡುವಣ ಬಯಲಲ್ಲೂ ಅಣುಗಳಿವೆಯೆಂದು ಆಗ ಅವರ ಗಮನ ಸೆಳೆದವರು, ಖಗೋಳಶಾಸ್ತ್ರ ಓದುತ್ತಿದ್ದ, ಮುಂದೆ ಅವರ ಪತಿಯಾದ ಗೆಳೆಯರು. ಆ ಅಣುಗಳು ಬೆಳಕಿಗೆ ಸಿಕ್ಕು ಒಡೆಯುವ ಬಗೆಯನ್ನು ಕುರಿತ ಪ್ರಬಂಧಕ್ಕೆ ೧೯೮೪ರಲ್ಲಿ ಡಾಕ್ಟರೇಟ್ ಬಂತು.

ಹಾಗಾದರೆ ರಸಾಯನಶಾಸ್ತ್ರ ಓದಿದ್ದು ವ್ಯರ್ಥವಾಯಿತೆ? ಇಲ್ಲ. ಗ್ರಹಗಳು ಹುಟ್ಟುವುದು ಎಳೆಯ ನಕ್ಷತ್ರವನ್ನು ಸುತ್ತುವ ಅನಿಲ ಮತ್ತು ಧೂಳಿನ ತಟ್ಟೆಯಲ್ಲಿ. ಕಣ್ಣಿಗೆ ಕಾಣುವ ಬೆಳಕನ್ನು ಆ ಧೂಳು ತಡೆಯುತ್ತದೆ; ಮಿಲಿಮೀಟರ್ ಉದ್ದದ ರೇಡಿಯೋ ಅಲೆಗಳು ಹೆಚ್ಚಾಗಿ ಪಾರಾಗಿ ಬರುತ್ತವೆ. ತಣ್ಣನೆಯ ಧೂಳೂ ತಿರುಗುವ ಅಣುಗಳೂ ಸೂಸುವುದು ಇಂಥ ಅಲೆಗಳನ್ನೇ. ಪ್ರತಿಯೊಂದು ಅಣುವಿಗೂ ತನ್ನದೇ ಗುರುತುಂಟು. ಅದನ್ನು ಓದಲು ರಸಾಯನಶಾಸ್ತ್ರ ಬೇಕು. ಚಿಲಿ ದೇಶದ ಅಟಕಾಮ ಮರುಭೂಮಿಯಲ್ಲಿ, ಸುಮಾರು ೫೦೦೦ ಮೀಟರ್ ಎತ್ತರದಲ್ಲಿ, ೬೬ ಆಂಟೆನಾಗಳ ‘ಆಲ್ಮಾ’ ದೂರದರ್ಶಕ ಇರುವುದು ಈ ಕೆಲಸಕ್ಕಾಗಿಯೇ ಎನ್ನಬಹುದು.

ಧೂಳಿನ ಕಣಗಳು ಬೆಳೆದಂತೆ ನಕ್ಷತ್ರದ ಕಡೆಗೆ ಜಾರುತ್ತವೆ. ಮತ್ತೆ ಗ್ರಹ ಬೆಳೆಯುವುದೆಂತು? ಕಣಗಳು ತಂಗಿ ಕೂಡಿಕೊಳ್ಳುವ ಮಡುಗಳಿರಬೇಕೆಂದು ಸಿದ್ಧಾಂತಿಗಳು ಊಹಿಸಿದ್ದರು. ಉರಗಧರ ನಕ್ಷತ್ರಪುಂಜದ ಒಂದು ತಟ್ಟೆಯಲ್ಲಿ ಅಂಥ ಮಡುವನ್ನು ಆಲ್ಮಾದ ಮೂಲಕ ಕಂಡ ವರದಿ ೨೦೧೩ರಲ್ಲಿ ಪ್ರಕಟವಾಯಿತು. ಅದರ ಮೊದಲ ಲೇಖಕಿ ಈ ವಿದುಷಿಯ ಶಿಷ್ಯೆ. ೨೦೧೮ರಲ್ಲಿ ಗುರುವಿಗೆ ಕಾವ್ಲಿ ಪ್ರಶಸ್ತಿ ಬಂತು.

ಎಳೆಯರಿಗೆ ಸ್ಫೂರ್ತಿ ಬೇಕಲ್ಲವೆ, ಅದಕ್ಕಾಗಿ ಕಥೆಯನ್ನು ನೇರಮಾಡಿದರೆ ತಪ್ಪೇನು ಎಂದು ಕೇಳುವವರುಂಟು. ಇಂಥ ಪುಸ್ತಕಗಳನ್ನು ತರಗತಿಯಲ್ಲಿ ನಾನೂ ಹೊಗಳಿದವನೇ. ಆದರೆ ಬಯಸಿದ ವಿಷಯ ಸಿಗದೆ ಬೇರೆ ತರಗತಿಯಲ್ಲಿ ಕುಳಿತ ಹುಡುಗಿ ಅವನ್ನೋದಿ ಏನೆಂದುಕೊಂಡಾಳು? ತನ್ನ ಕಥೆ ಮುಗಿಯಿತೆಂದೇ ಅಲ್ಲವೆ? ಮಾರ್ಗದರ್ಶಕರಿಲ್ಲದೆ ಕಳೆದ ಆ ದಿನಗಳ ಪುಟವನ್ನೇ ಅವಳು ಹುಡುಕುತ್ತಾಳೆ. ನಮ್ಮ ಲೇಖಕರು ಬಿಟ್ಟುಬಿಡುವುದೂ ಆ ಪುಟವನ್ನೇ.